ಹೂಂ ಅಂದ ಪೆಟ್ಟಿಗೆ

ಯಾವ ಯಂತ್ರ ಕೊಟ್ಟರೂ ಮೇಡಂ ಮೊದಲು ಹಿಂಗೈಯನ್ನು ಅದರ ಮೇಲಿಡುತ್ತಿದ್ದರು, ಕೂಸಿನ ಜ್ವರ ನೋಡಿದ ಹಾಗೆ. "ಮೈ ಬೆಚ್ಚಗದ ನೋಡ್ರಿ ಅಕ್ಕಾರ. ಕೆಲಸಿಲ್ಲದ ದುಡೀಲಿಕ್ಕೆ ಹತ್ತೇದ," ಎಂದು ನನ್ನ ಮೊಬೈಲಿಗೂ ಬೈದಿದ್ದರು.

ಬೈಲಹೊಂಗಲದಲ್ಲಿ ನಮ್ಮ ಪಕ್ಕದ ಮನೆಯವರು; ಕಂಪ್ಯೂಟರ್ ಕಲಿಸಿ ರಿಟೈರ್ ಆದವರು. ಓಣಿಗೆಲ್ಲ ಮೇಡಂ. ಕಾನ್ವೆಂಟಿನ ಸಿಸ್ಟರ್‌ಗಳು ನನಗೆ ಗ್ರಾಮರ್ ಕಲಿಸಿದರು. ಆಪರೇಟಿಂಗ್ ಸಿಸ್ಟಮ್ ಅಂದರೇನೆಂದು ಕಲಿಸಿದವರು ಇವರು. "ಮನೀಗೆ ಹಿರೇ ಸೊಸಿ ಇದ್ದಂಗ್ರಿ. ಯಾರು ಯಾವಾಗ ಏಳಬೇಕು, ಯಾರು ಮಲಗಬೇಕು, ಎಲ್ಲಾ ಆಕೀ ಕೈಯಾಗ."

ಸುರೇಬಾನದಲ್ಲಿ ನನ್ನ ತಂಗಿಯ ಹೊಲ ಕಾಲುವೆಯ ಕಟ್ಟಕಡೆಗೆ. ಮೇಲಿನಿಂದ ಬಿಟ್ಟ ನೀರು ಅಲ್ಲಿಗೆ ಯಾವಾಗ ಮುಟ್ಟುತ್ತದೆಂದು ಯಾರಿಗೂ ತಿಳಿಯದು. ಗಂಡನಿಲ್ಲದ ಹೆಂಗಸು, ಮೊಣಕಾಲು ನೋವು ಬೇರೆ, ದಂಡೆಯ ಮೇಲೆ ಕಾಯುತ್ತ ಕೂರುತ್ತಿದ್ದಳು. ನೀರು ತಪ್ಪಿದರೆ ಕಬ್ಬು ಒಣಗಿದಂತೆಯೇ.

ಕಾಲುವೆಯ ದಂಡೆಗೆ ಕೂರಿಸಲೆಂದು ಮೇಡಂ ಅವಳಿಗೊಂದು ಪೆಟ್ಟಿಗೆ ಮಾಡಿಕೊಟ್ಟರು. ನೀರು ಮುಟ್ಟಿದರೆ ಅವಳ ಫೋನ್ ರಿಂಗಾಗಬೇಕು. ಸೋಲಾರ್ ಹಾಕಿದರೆ ಮಂಗ್ಯಾಗಳು ಕಿತ್ತೊಯ್ಯುತ್ತವೆಂದು ಬರೀ ಬ್ಯಾಟರಿ. ಒಳಗಿನ ಸಿಸ್ಟಮನ್ನು ತಾವೇ ಬರೆದು, ನೀರು ಬರುವತನಕ ಗಾಢ ನಿದ್ದೆ ಮಾಡುವಂತೆ ಪಳಗಿಸಿದ್ದರು. "ಒಂದ ಬ್ಯಾಟರಿ, ಇಡೀ ಹಂಗಾಮು," ಎಂದಿದ್ದರು.

ಮುಂದಿನ ಹುಣ್ಣಿಮೆಯೊಳಗೇ ಬ್ಯಾಟರಿ ಸತ್ತಿತು. ಹೊಸದು ಹಾಕಿದರೆ ಅದೂ ಸತ್ತಿತು. ತಂಗಿ ಮತ್ತೆ ದಂಡೆಗೆ.

ಮೇಡಂ ನನ್ನನ್ನು ಕರೆದುಕೊಂಡು ಬಸ್ ಹತ್ತಿದರು. ಬೇವಿನ ನೆರಳಲ್ಲಿ ಕೂತು ನೋಡಿದೆವು. ಹೊಲಕ್ಕೆ ಹೋಗುವವರು, ಬರುವವರು, ಎಲ್ಲರೂ ಪೆಟ್ಟಿಗೆಯ ಗುಂಡಿ ಒತ್ತುತ್ತಿದ್ದರು. ಒತ್ತಿದಾಗಲೆಲ್ಲ ಇಡೀ ಪೆಟ್ಟಿಗೆ ಎಚ್ಚೆತ್ತು ಸ್ಕ್ರೀನ್ ಝಗ್ಗನೆ ಬೆಳಗುತ್ತಿತ್ತು. ಅವರು ಸಮಾಧಾನದಿಂದ ಮುಂದೆ ಸಾಗುತ್ತಿದ್ದರು.

"ಅದನ್ಯಾಕ ಒತ್ತತೀರಿ ಯಜಮಾನ್ರ?" ಎಂದು ಮೇಡಂ ಒಬ್ಬ ಮುದುಕರನ್ನು ಕೇಳಿದರು.

"ಸತ್ತೈತೋ ಬದುಕೈತೋ ನೋಡಬ್ಯಾಡೇನ್ರಿ ಬಾಯಾರ? ದೀಪಿಲ್ಲ, ದನಿಯಿಲ್ಲ. ಯಾರ ಮನಿ ಮುಂದ ಹಾದ್ರೂ 'ಅದೀರೇನ್ರಿ' ಅಂತ ಕೇಳಾಂಗಿಲ್ಲೇನು?"

ನನಗೆ ಸಿಟ್ಟು ಬಂತು. "ಆ ಗುಂಡೀನ ಕಿತ್ತು ಒಗೀರಿ ಮೇಡಂ!"

ಅವರು ನಕ್ಕರು. "ಕೇಳೂದು ಛಲೋ ರೀತಿನ ಅಲ್ಲೇನ್ರಿ ಅಕ್ಕಾರ? ಒಬ್ಬರು ಬಾಗಲಾ ಬಡದರ ನಾ ಮನಿಮಂದೀನೆಲ್ಲ ಎಬ್ಬಿಸೇನಿ, ಅದು ತಪ್ಪು. ಪಡಸಾಲ್ಯಾಗ ಮಲಗಿದಾವ್ರು 'ಹೂಂ' ಅಂದ್ರ ಸಾಕಿತ್ತು."

ಮತ್ತೆ ಬರೆದರು. ಈಗ ಗುಂಡಿ ಒತ್ತಿದರೆ ಸಾಸಿವೆಯಷ್ಟು ಹಸಿರು ಬೆಳಕು ಒಮ್ಮೆ ಮಿಣುಕಿ ಆರುತ್ತದೆ. ಉಳಿದದ್ದೆಲ್ಲ ಮಲಗಿಯೇ ಇರುತ್ತದೆ. ಆ ಬ್ಯಾಟರಿ ಕಬ್ಬು ಕಡಿಯುವತನಕ ಬಾಳಿತು. ಮೈ ಗುಡ್‌ನೆಸ್! ಒಂದು 'ಹೂಂ'ಗೆ ಎಷ್ಟು ಕಡಿಮೆ ಸಾಕೆಂದು ಕಂಡುಕೊಂಡ ಆ ತಲೆಗೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ಅವರು ಹಾಸಿಗೆ ಹಿಡಿದ ಮೇಲೆ ನಾನು ದಿನಾ ಬಾಗಿಲಲ್ಲಿ ನಿಂತು "ಅದೀರೇನ್ರಿ ಮೇಡಂ?" ಎನ್ನುತ್ತಿದ್ದೆ. ಕಣ್ಣು ತೆರೆಯುತ್ತಿರಲಿಲ್ಲ, ಒಂದು ಬೆರಳು ಮೇಲೇಳುತ್ತಿತ್ತು. ಒಂದು ಬೆಳಗ್ಗೆ ಅದೂ ಏಳಲಿಲ್ಲ. ಅವರ ಹಾಗೆಯೇ ಹಿಂಗೈಯನ್ನು ಅವರ ಹಣೆಯ ಮೇಲಿಟ್ಟೆ. ತಣ್ಣಗಿತ್ತು.

ಮೊನ್ನೆ ಸುರೇಬಾನಕ್ಕೆ ಹೋಗಿದ್ದೆ. ತಂಗಿ ಫೋನನ್ನು ಹಿಟ್ಟಿನ ಡಬ್ಬಿಯ ಪಕ್ಕದಲ್ಲಿಟ್ಟುಕೊಂಡು ನೆಮ್ಮದಿಯಿಂದ ರೊಟ್ಟಿ ಬಡಿಯುತ್ತಿದ್ದಳು. ನಾನೊಬ್ಬಳೇ ಕಾಲುವೆಗೆ ನಡೆದು ಗುಂಡಿ ಒತ್ತಿದೆ. ಹಸಿರು ಮಿಣುಕಿತು. ಇನ್ನೊಮ್ಮೆ ಒತ್ತಬೇಕೆನಿಸಿತು. ಬ್ಯಾಟರಿ ದಂಡವಾದೀತೆಂದು ಕೈ ಹಿಂದೆ ತೆಗೆದುಕೊಂಡೆ.