ಚಪ್ಪಾಳೆ ತಟ್ಟದ ಪುಟ

…ಅಥವಾ ಆ ಗೋಡೆಗಳ ಕೆಂಪು ಸ್ಪಂಜು ನಾನು ಆಮೇಲೆ ನೆನಪಿನಲ್ಲಿ ಅಂಟಿಸಿಕೊಂಡದ್ದಿರಬಹುದು. ತಿರಸ್ಕಾರಕ್ಕೂ ಒಂದು ಬಣ್ಣ ಬೇಕಾಗುತ್ತದೆ. ವಿಕ್ರೋಳಿಯ ಹಳೆಯ ಕಾರ್ಖಾನೆಯೊಂದರೊಳಗಿನ ಸ್ಟುಡಿಯೋ ಎಂಬುದಷ್ಟೇ ಖಚಿತ. ನನ್ನ ಕಾದಂಬರಿಯನ್ನು ನಾನೇ ಓದಿ ಆಡಿಯೊಬುಕ್ ಮಾಡಬೇಕಿತ್ತು. ಬೊರಿವಲಿಯಲ್ಲಿರುವ ಅಕ್ಕನಿಗೆ ಈಗ ಅಕ್ಷರ ಕಾಣುವುದಿಲ್ಲ. ಅಮ್ಮನ ಕೊನೆಯ ವರ್ಷದ ಕುರಿತಾದ ಆ ಪುಸ್ತಕ ಅವಳಿಗೆ ತಲುಪಲು ಬೇರೆ ದಾರಿಯಿರಲಿಲ್ಲ. ಇಲ್ಲದಿದ್ದರೆ, ತರಕಾರಿ ಹೆಚ್ಚುತ್ತಾ ಸಾಹಿತ್ಯ ಕೇಳಿ ಮುಗಿಸುವ ಜನರ ಈ ದಂಧೆಗೆ ನಾನು ಗಂಟಲು ಕೊಡುತ್ತಿರಲಿಲ್ಲ.

ಅಲ್ಲಿನ ನಿಯಮ ಸರಳ. ಓದು ತಪ್ಪಿದರೆ ಚಪ್ಪಾಳೆ ತಟ್ಟಿ ಅದೇ ವಾಕ್ಯವನ್ನು ಮತ್ತೆ ಓದಬೇಕು. ಕನ್ನಡದ ಗಂಧವಿಲ್ಲದ ಎಡಿಟರ್ ಆಮೇಲೆ ಮೊದಲಿನದನ್ನು ಕತ್ತರಿಸಿ ಎಸೆಯುತ್ತಾನೆ.

ಪುಸ್ತಕದಲ್ಲಿ ಒಂದಿಡೀ ಪುಟ ಅಮ್ಮ "ಗ್ಯಾಸ್ ಆಫ್ ಮಾಡಿದ್ಯೇನೋ?" ಎಂದು ಕೇಳುತ್ತಲೇ ಇರುತ್ತಾಳೆ. ಮಗ ಕೊನೆಗೆ ಹೂಂ ಅನ್ನುತ್ತಾನೆ. ಆ ಮರೆವನ್ನು ಬರೆಯಲು ನನಗೆ ಬೇರೆ ವಿಧಾನ ಹೊಳೆದಿರಲಿಲ್ಲ. ಸಿದ್ಧವಾದ ಫೈಲ್ ಕೇಳಿದರೆ, ಅಮ್ಮ ಒಮ್ಮೆ ಕೇಳಿ ಸುಮ್ಮನಾಗಿದ್ದಳು.

ಎಡಿಟರನಿಗೆ ಫೋನ್ ಮಾಡಿದೆ.

"ಸರ್‌ಜೀ, ಆಪ್ ತಾಲಿ ಬಜಾನಾ ಭೂಲ್ ಗಯೇ ಥೇ," ಎಂದ, ಉಪಕಾರ ಮಾಡಿದವನ ಧ್ವನಿಯಲ್ಲಿ. ಚಪ್ಪಾಳೆ ತಟ್ಟಲು ನಾನು ಮರೆತಿದ್ದೆನಂತೆ, ಕೊನೆಯದನ್ನಷ್ಟೇ ಉಳಿಸಿ ಅವನೇ ಸರಿಪಡಿಸಿದನಂತೆ. "ಲಾಸ್ಟ್‌ವಾಲಾ ರಖಾ ಹೈ. ಏಕ್‌ದಮ್ ಕ್ಲೀನ್."

ಇಂಥವರ ಕೈಗೆ ಸಿಕ್ಕರೆ ಸಾವು ಕೂಡ ಕ್ಲೀನ್ ಆಗಿಬಿಡುತ್ತದೆ. ಬೈದೆ. ಸಂಜೆಯೊಳಗೆ ಎಲ್ಲವನ್ನೂ ವಾಪಸ್ಸು ಸೇರಿಸುತ್ತೇನೆಂದ.

ಆದರೆ ನಾನು ಕೇಳುವ ಮುಂಚೆಯೇ ಫೈಲನ್ನು ಅಕ್ಕನಿಗೆ ಕಳಿಸಿಬಿಟ್ಟಿದ್ದೆ. ಅಷ್ಟರಲ್ಲಿ ಅವಳ ಫೋನ್ ಬಂತು.

"ಚೆನ್ನಾಗಿ ಮಾಡಿದೀಯ ಕಣೋ. ಅಮ್ಮ ನೆಟ್ಟಗಿದಾಳೆ ಇದರಲ್ಲಿ. ಒಂದ್ಸಲ ಕೇಳ್ತಾಳೆ, ನೀನು ಹೂಂ ಅಂತೀಯ, ಮಲಕ್ಕೋತಾಳೆ."

"ಅದು ತಪ್ಪು ಕಣೇ ಅಕ್ಕ. ಆ ಪೆದ್ದ ಕತ್ತರಿಸಿಬಿಟ್ಟಿದಾನೆ. ಇವತ್ತೇ ಸರಿ ಮಾಡಿಸ್ತೀನಿ."

"ಏನು ಸರಿ ಮಾಡಿಸ್ತೀಯ? ನೀನು ಶನಿವಾರ ಲೋಕಲ್ ಹತ್ತಿ ಬಂದು ಟೀ ಕುಡಿದು ಹೋಗೋನು. ದಿನಾ ಹೂಂ ಅಂದೋಳು ನಾನು. ಹಾಗೇ ಇರ್ಲಿ ಬಿಡು."

ಎಡಿಟರನಿಗೆ ಬೇಡವೆಂದೆ. ಅವನು ಗೆದ್ದವನಂತೆ ನಕ್ಕ; ಆ ನಗುವನ್ನು ಇನ್ನೂ ಕ್ಷಮಿಸಿಲ್ಲ. ಈಗ ಕೇಳುಗರಿಗೆ ಸಿಗುವುದು ಒಮ್ಮೆ ಕೇಳಿ ಮಲಗುವ ಅಮ್ಮ. ಅಕ್ಕನಿಗೆ ಆ ಅಮ್ಮನೇ ನೆಮ್ಮದಿಯೋ, ಅಥವಾ ನನ್ನ ಬಾಯಲ್ಲಿ ಆ ಪ್ರಶ್ನೆಯನ್ನು ಅಷ್ಟು ಸಲ ಕೇಳುವುದಷ್ಟೇ ಅವಳಿಗೆ ಬೇಡವಾಗಿತ್ತೋ, ನನಗೆ ಗೊತ್ತಿಲ್ಲ.