ಚಳಿ ಅರಿಯದ ಯಂಕೋಬ

ಮರಳಿ ಗ್ರಾಮದ ಯಂಕೋಬನಿಗೆ ಚಳಿಯೇ ಆಗುವುದಿಲ್ಲ ಎಂಬ ಮಾತು ಗಂಗಾವತಿ ಸೀಮೆಯಲ್ಲಿ ಹಳೆಯದು. ಅವನು ಕಾಲುವೆಯಲ್ಲಿ ಈಜು ಕಲಿತವನು. ನೀರಿಗೆ ಬಿದ್ದ ಟ್ರ್ಯಾಕ್ಟರುಗಳಿಗೆ ತಳದಲ್ಲಿ ಹಗ್ಗ ಬಿಗಿದು ಹೆಸರು ಮಾಡಿದವನು. ಮುಂದೆ ಕೊಪ್ಪಳದ ಗುತ್ತಿಗೆದಾರ ಕೊಟ್ರೇಶ ಅವನನ್ನು ಕಾರವಾರಕ್ಕೆ ಕಳಿಸಿ, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಮುಳುಗುವ ತರಬೇತಿ ಕೊಡಿಸಿದ. ಅಲ್ಲಿಂದಾಚೆ ಜಲಾಶಯದ ಹಿನ್ನೀರಿನಲ್ಲಿ ಕುಡಿಯುವ ನೀರೆತ್ತುವ ಕಡೆಯೆಲ್ಲ ಕಸ ಸಿಕ್ಕರೆ, ಜಾಲರಿ ಮುರಿದರೆ ಕೊಟ್ರೇಶನ ತಂಡಕ್ಕೇ ಕರೆ. ಉಳಿದವರು ದಪ್ಪ ರಬ್ಬರಿನ ವೆಟ್‌ಸೂಟ್ ಏರಿಸಿಕೊಳ್ಳುತ್ತಿದ್ದರೆ ಯಂಕೋಬ ತನ್ನ ಹಳೆಯ ತೆಳು ಸೂಟಿನಲ್ಲೇ ಇಳಿಯುತ್ತಿದ್ದ.

ಹೋದ ಮಳೆಗಾಲದಲ್ಲಿ ಅವನಿಗೆ ಟೈಫಾಯಿಡ್ ಬಂತು. ಎದ್ದು ಓಡಾಡುವ ಹೊತ್ತಿಗೆ ಮೈಯ ಕೊಬ್ಬೆಲ್ಲ ಇಳಿದುಹೋಗಿತ್ತು. ಹೆಂಡತಿ ಕರಿಯವ್ವನಿಗೆ ಮಾತ್ರ ಇನ್ನೊಂದು ಸಂಗತಿ ಗೊತ್ತಿತ್ತು. ಎಂದೂ ಹೊದಿಕೆ ಕೇಳದವನು ಈಗ ಎರಡು ಕಂಬಳಿ ಹೊದ್ದರೂ ನಡುಗುತ್ತಿದ್ದ.

"ಇನ್ನೊಂದೆರಡು ತಿಂಗಳು ನೀರಿಗಿಳಿಯೋದು ಬ್ಯಾಡ್ರಿ" ಎಂದಳು.

"ಹೊರಗ ಯಾರ ಮುಂದೂ ಈ ಮಾತು ಆಡಬ್ಯಾಡ" ಎಂದ ಯಂಕೋಬ.

ಜನವರಿಯಲ್ಲಿ ಕರೆ ಬಂತು. ಹಿನ್ನೀರಿನಲ್ಲಿ ನೀರೆತ್ತಲು ಕಟ್ಟಿದ ಬಾವಿಯಾದ ಒಂದು ಜಾಕ್‌ವೆಲ್‌ನ ಬಾಯಿಯ ಜಾಲರಿಗೆ ಯಾರೋ ಬಿಟ್ಟುಹೋದ ಮೀನಿನ ಬಲೆ ಸುತ್ತಿಕೊಂಡು ನೀರು ಏರುವುದೇ ನಿಂತಿತ್ತು. ಪಂಪು ಬಂದ್ ಮಾಡಿಸಿ ಕೊಟ್ರೇಶ ದೋಣಿ ಹತ್ತಿದ. ಜೊತೆಗೆ ಯಂಕೋಬ ಮತ್ತು ಅಮೃತಾ. ಭಾಗ್ಯನಗರದ ನೇಕಾರರ ಮನೆಯ ಈ ಹುಡುಗಿ ಕಡಲಲ್ಲಿ ಮುಳುಗು ಕಲಿತು ಬಂದು ವರ್ಷವಾಗಿತ್ತು. ಅವಳು ದಪ್ಪ ಸೂಟು, ತಲೆಗೆ ರಬ್ಬರಿನ ಕುಲಾವಿ, ಕೈಗೆ ಗವಸು ಎಲ್ಲ ಹಾಕಿಕೊಂಡಳು. ಅಂಥ ಸೂಟು ತೇಲಿಸುತ್ತದೆಂದು ಸೊಂಟಕ್ಕೆ ಹೆಚ್ಚಿನ ಸೀಸದ ತೂಕ ಕಟ್ಟಿಕೊಂಡಳು.

"ಹಿಮಾಲಯಕ್ಕ ಹೊಂಟಿಯೇನವ್ವಾ?" ಎಂದು ಯಂಕೋಬ ನಕ್ಕ.

"ನನಗ ಚಳಿ ಭಾಳ ಅಣ್ಣ. ಹೇಳಾಕ ನಾಚಿಕಿ ಏನೈತಿ? ಒಬ್ಬೊಬ್ಬರ ಮೈ ಒಂದೊಂದು ಥರ" ಎಂದಳು ಅಮೃತಾ. ಅವನ ಸಿಲಿಂಡರಿನ ಪಟ್ಟಿ ಬಿಗಿಯಲು ಬಂದವಳು ಅವನ ಕೊರಳ ಬಳಿ ಕೈ ತಡೆದಳು. "ನಿನ್ನ ಸೂಟು ಸಡ್ಲ ಆಗೈತಲ್ಲ. ಕೈ ಒಳಗ ಹೋಗಾಕತ್ತೈತಿ ನೋಡು. ನೀರು ಒಳಗ ಹೊರಗ ಆಡಿದ್ರ ಮೈ ಕಾವು ಹೆಂಗ ನಿಲ್ಲತೈತಿ?"

ವೆಟ್‌ಸೂಟ್ ನೀರನ್ನು ತಡೆಯುವುದಿಲ್ಲ. ಒಳಗೆ ನುಸುಳಿದ ತೆಳುವಾದ ನೀರು ಮೈಯ ಬಿಸಿಗೆ ಬೆಚ್ಚಗಾಗಿ ಅಲ್ಲೇ ನಿಂತರೆ ಮಾತ್ರ ಅದರ ಉಪಯೋಗ. ಇದು ಯಂಕೋಬನಿಗೂ ತಿಳಿದದ್ದೇ. ಆದರೂ, "ಊರಾಗ ಜನ ಕೊಡ ಹಿಡಕೊಂಡು ಕುಂತಾರ. ನಡಿ" ಎಂದ.

ಮೊದಲ ಮುಳುಗಿನಲ್ಲಿ ಅರ್ಧ ಬಲೆ ಕತ್ತರಿಸಿ ಮೇಲೆ ಬಂದರು. ದೋಣಿಯ ಮೇಲೆ ಗಾಳಿ ಬೀಸುತ್ತಿತ್ತು. ಯಂಕೋಬ ನಡುಗುವ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತ. ಮೈ ಬೆಚ್ಚಗಾಗುವ ಮೊದಲೇ ಸಿಲಿಂಡರ್ ಬದಲಿಸಿ, ತಾನೇ ಮುಂದಾಗಿ ಮತ್ತೆ ಇಳಿದ.

ತಳದಲ್ಲಿ ಮಸುಕು. ಟಾರ್ಚಿನ ಬೆಳಕು ಮೊಳದಾಚೆ ಹೋಗುತ್ತಿರಲಿಲ್ಲ. ಪ್ರತಿ ಸಲ ಕೈ ಚಾಚಿದಾಗಲೂ ಕೊರಳಿನಿಂದ ಬೆನ್ನಿನುದ್ದಕ್ಕೆ ತಣ್ಣೀರು ಹರಿಯುತ್ತಿತ್ತು. ಹಲ್ಲು ಕಟಕಟಿಸಿ ಬಾಯಲ್ಲಿದ್ದ ಉಸಿರಿನ ನಳಿಕೆ ಅಲುಗತೊಡಗಿತು. ಆಮೇಲೆ ಬೆರಳುಗಳು ಮಡಿಯದಾದವು. ಚಾಕು ಕೈಯಿಂದ ಜಾರಿತು. ಅದು ಕತ್ತಲಲ್ಲಿ ಮುಳುಗುವುದನ್ನು ಯಂಕೋಬ ಸುಮ್ಮನೆ ನೋಡಿದ. ಹಿಡಿಯಬೇಕು ಅನ್ನಿಸಲಿಲ್ಲ. ಬಲೆಯ ಒಂದು ಎಳೆ ಕಾಲಿಗೆ ಸುತ್ತಿಕೊಂಡದ್ದು ತಿಳಿದರೂ ಬಿಡಿಸಿಕೊಳ್ಳಬೇಕು ಅನ್ನಿಸಲಿಲ್ಲ. ಜಾಲರಿಗೆ ಒರಗಿ ಕಣ್ಣು ಮುಚ್ಚಿದರೆ ಸಾಕೆನಿಸಿತು.

ಬೆಳಕೊಂದು ಮುಖಕ್ಕೆ ಬಿತ್ತು. ಅಮೃತಾ ಹೆಬ್ಬೆರಳಿಗೆ ತೋರುಬೆರಳು ಕೂಡಿಸಿ, ಎಲ್ಲ ಸರಿ ಇದೆಯೇ ಎಂದು ಸನ್ನೆಯಲ್ಲಿ ಕೇಳಿದಳು. ಅವನು ತಡವಾಗಿ ಕೈ ಎತ್ತಿದ. ಬೆರಳು ಕೂಡಲಿಲ್ಲ. ಅವಳು ಎರಡು ಬೆರಳು ತೋರಿಸಿ ಹಾಗೇ ಮಾಡೆಂದಳು. ಅವನಿಂದ ಆಗಲಿಲ್ಲ. ತಕ್ಷಣ ಬಗ್ಗಿ ಕಾಲಿನ ಎಳೆ ಕತ್ತರಿಸಿದಳು. ಎಬ್ಬಿಸಲು ಹೋದಾಗ ಯಂಕೋಬ ಸಿಟ್ಟಿನಿಂದ ಅವಳ ಕೈ ಕೊಡವಿದ. ಆ ಎಳೆದಾಟದಲ್ಲಿ ಮರಗಟ್ಟಿದ ತುಟಿಗಳಿಂದ ನಳಿಕೆ ಕಳಚಿ ಬಾಯಿಗೆ ನೀರು ನುಗ್ಗಿತು. ಅಮೃತಾ ಅದನ್ನು ಮತ್ತೆ ಬಾಯಿಗೆ ಒತ್ತಿ, ಒಳಗಿನ ನೀರು ಹೋಗುವಂತೆ ಅದರ ಗುಂಡಿ ಅದುಮಿದಳು. ಅವನು ಕೆಮ್ಮಿದ, ಉಸಿರೆಳೆದ. ಅವಳಿಗೆ ಅವಸರವಾಗಿ ಮೇಲೇರುವಂತಿರಲಿಲ್ಲ. ಹಾಗೆ ಏರಿದರೆ ಒಳಗಿನ ಗಾಳಿ ಹಿಗ್ಗಿ ಎದೆ ಒಡೆದೀತು. ಒಂದು ಕೈ ಅವನ ಬಾಯಿಯ ನಳಿಕೆಯ ಮೇಲೆ, ಇನ್ನೊಂದು ಅವನ ಭುಜದ ಪಟ್ಟಿಯಲ್ಲಿ. ಹಾಗೇ ಹಿಡಿದು, ಹಗ್ಗದ ಗುಂಟ ನಿಧಾನವಾಗಿ ಬೆಳಕಿನತ್ತ ತಂದಳು.

ದೋಣಿಗೆ ಎಳೆದುಕೊಂಡಾಗ ಯಂಕೋಬನ ನಡುಕ ನಿಂತುಹೋಗಿತ್ತು; ನಡುಗುವಷ್ಟು ಶಕ್ತಿಯೂ ಮೈಯಲ್ಲಿ ಉಳಿದಿರಲಿಲ್ಲ. ಕೊಟ್ರೇಶ ಅವನ ಕೈಕಾಲು ತಿಕ್ಕಲು ಹೋದ.

"ತಿಕ್ಕಬ್ಯಾಡ್ರಿ, ತಣ್ಣನ ರಕ್ತ ಎದಿಗೆ ನುಗ್ಗತೈತಿ. ಮೆಲ್ಲಕ ಮಲಗಸ್ರಿ. ಹಸಿ ಸೂಟು ಕೊಯ್ದು ತಗೀರಿ, ಕಂಬಳಿ ಕೊಡ್ರಿ" ಎಂದಳು ಅಮೃತಾ.

ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ನಡುಕ ಮರಳಿ ಬಂತು. ಅದನ್ನು ಕಂಡು ಅಮೃತಾಳಿಗೆ ಜೀವ ಬಂದಂತಾಯಿತು. ಸಂಜೆ ವಾರ್ಡಿನಲ್ಲಿ ಅವನು ಬಿಸಿ ಚಹಾದ ಲೋಟ ಎರಡೂ ಕೈಯಲ್ಲಿ ಹಿಡಿದು ಹೇಳಿದ: "ಜ್ವರ ಬಂದು ಹೋದಾಗಿಂದ ಚಳಿ ತಡಿಯಾಕ ಆಗವಲ್ದು. ಗೊತ್ತಿತ್ತು. ಹೇಳಾಕ ಬಾಯಿ ಬರಲಿಲ್ಲ."

ಕರಿಯವ್ವ ಮಂಚದ ಬಳಿ ನಿಂತಿದ್ದಳು. "ನೀವು ಹೇಳಲಿಲ್ಲ, ನನಗೂ ಹೇಳಾಕ ಬಿಡಲಿಲ್ಲ" ಎಂದಳು, ಅಷ್ಟೇ.

ಉಳಿದ ಬಲೆಯನ್ನು ಮರುದಿನ ಬಿಸಿಲೇರಿದ ಮೇಲೆ ಅಮೃತಾ ಮತ್ತು ರಫೀ ಎಂಬ ಇನ್ನೊಬ್ಬ ಮುಳುಗುಗಾರ ಕತ್ತರಿಸಿದರು. ಊರಿಗೆ ನೀರು ಒಂದು ದಿನ ತಡವಾಗಿ ಹೋಯಿತು.

ಮೈ ಚೇತರಿಸಿಕೊಂಡ ಮೇಲೆ ಯಂಕೋಬ ಎದೆ, ಸೊಂಟ, ತೊಡೆ ಎಲ್ಲ ಅಳೆಸಿ ಹೊಸ ದಪ್ಪ ಸೂಟು ತರಿಸಿಕೊಂಡ. ಅದನ್ನು ಏರಿಸಲು ಇಬ್ಬರು ಎಳೆಯಬೇಕಿತ್ತು. ಎಷ್ಟು ಸೀಸ ಬೇಕೆಂದು ಆಳವಿಲ್ಲದ ಕಡೆ ಇಳಿದು ನೋಡಿಕೊಂಡ. ಮತ್ತೆ ಕೆಲಸಕ್ಕಿಳಿದದ್ದು ಹುಲಿಹೈದರದ ಕಡೆಯ ಕೆರೆಯೊಂದರಲ್ಲಿ, ತೂಬಿನ ಬಾಗಿಲು ನೋಡಲು. ಇನ್ನೂ ಕೆಲಸ ಉಳಿದಿರುವಾಗಲೇ ಮೇಲೆ ಬಂದ.

"ಯಾಕೋ, ಏನಾತು?" ಎಂದ ಕೊಟ್ರೇಶ, ಗಾಬರಿಯಿಂದ.

"ಚಳಿ ಹತ್ತಿತು."

ದಡದಲ್ಲಿದ್ದ ಊರ ಮಂದಿ ಮುಖ ಮುಖ ನೋಡಿಕೊಂಡರು. ಯಂಕೋಬ ಬಿಸಿಲಲ್ಲಿ ಬಂಡೆಗೆ ಬೆನ್ನು ಕೊಟ್ಟು ಕೂತ. ಕೊಟ್ರೇಶ ಬುತ್ತಿ ಬಿಚ್ಚಿ ಅವನ ಮುಂದೆ ಇಟ್ಟ.