ಒಂದಕ್ಕೆ ಹೋಗಲು ಯಾವ ಭಾಷೆ?

ನಾನು ಹೊಳೆನರಸೀಪುರದ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಂಗ್ಲಿಷ್ ಬಾರದ ಹೊಟ್ಟೆಕಿಚ್ಚಿಗೆ ಹೀಗಾಡುತ್ತಾಳೆ ಎಂದು ಯಾರೂ ಮೂಗು ಮುರಿಯಬಾರದು.

ಅಂದು ಪಾಠವಿದ್ದದ್ದು ಅಮೆರಿಕದ ಲೂಸಿಯಾನಾದ ಕೇಜನ್ ಜನರ ಬಗ್ಗೆ. ಕೆನಡಾ ಕಡೆಯಿಂದ ಬ್ರಿಟಿಷರು ಒಕ್ಕಲೆಬ್ಬಿಸಿದ ಫ್ರೆಂಚ್ ರೈತರ ಸಂತತಿ ಅವರು. ಅವರ ಅಕ್ಕಪಕ್ಕದಲ್ಲೇ ಕ್ರಿಯೋಲರು. ಇವರಲ್ಲಿ ಹಲವರ ಹಿರಿಯರು ಆಫ್ರಿಕಾದಿಂದ ಗುಲಾಮರಾಗಿ ಬಂದು, ಫ್ರೆಂಚನ್ನು ತಮ್ಮ ನಾಲಿಗೆಗೆ ಒಗ್ಗಿಸಿಕೊಂಡವರು. ಶಾಲೆಗಳಲ್ಲಿ ಇಂಗ್ಲಿಷೇ ಆಗಬೇಕೆಂದಾಗ ಮನೆಮಾತಾಡಿದ ಮಕ್ಕಳಿಗೆ ಏಟು ಬಿತ್ತು. ಒಂದಕ್ಕೆ ಹೋಗಬೇಕು ಎಂದು ಇಂಗ್ಲಿಷಿನಲ್ಲಿ ಕೇಳಲು ಬಾರದೆ ಎಳೆಯ ಮಕ್ಕಳು ಕೂತಲ್ಲೇ ಬಟ್ಟೆ ಒದ್ದೆ ಮಾಡಿಕೊಂಡವು. "ಪಾಪ" ಎಂದರು ನನ್ನ ವಿದ್ಯಾರ್ಥಿಗಳು. ನಾನೂ ಪಾಪ ಎಂದುಕೊಂಡೇ ಹಾಸನದ ಬಸ್ಸು ಹತ್ತಿದೆ.

ಮನೆಯಲ್ಲಿ ಯುಕೆಜಿ ಓದುವ ಮಗಳು ಒದ್ದೆ ಯೂನಿಫಾರಂನಲ್ಲೇ ಮೂಲೆ ಸೇರಿದ್ದಳು.

"ಇಂಗ್ಲಿಷಲ್ಲಿ ಕೇಳಕ್ ಬರ್ನಿಲ್ಲ ಕಣವ್ವ. ಕನ್ನಡ ಮಾತಾಡುದ್ರೆ ಮಿಸ್ಸು ಬೆಂಚ್ ಮ್ಯಾಲೆ ನಿಲ್ಲುಸ್ತಾರೆ."

ನನ್ನ ಮೈಯೆಲ್ಲ ಉರಿದುಹೋಯಿತು. ಮರುದಿನ ಬೆಳಿಗ್ಗೆಯೇ ಅವಳ ಶಾಲೆಗೆ ಹೋದೆ.

"ನೀವೇ ಇಂಗ್ಲಿಷ್ ಲೆಕ್ಚರರ್ ಮೇಡಂ," ಎಂದು ಹೆಡ್ ಮಿಸ್ ನಕ್ಕರು. "ಮನೇಲಿ ಆ ಹಳ್ಳಿ ಮಾತು ಬಿಡಿಸಿ, ಸರಿಹೋಗ್ತಾಳೆ."

ಕಾಲೇಜಿನ ಕನ್ನಡವನ್ನು ಅಲ್ಲೇ ಪಕ್ಕಕ್ಕಿಟ್ಟು ನನ್ನ ತವರೂರು ಹಳೇಕೋಟೆಯ ಮಾತಿಗೆ ಇಳಿದೆ. "ಇಂಗ್ಲಿಷ್ ಕಲ್ಸಿ, ಬ್ಯಾಡ ಅನ್ನಕಿಲ್ಲ. ನಮ್ಮವ್ವನ್ ಮಾತ ಬುಟ್ಬುಡು ಅಂತ ನನ್ ಮಗೀಗೆ ಯೋಳಾಕೆ ನೀವ್ಯಾರು?"

ಅವರು ಗಡಿಯಾರ ನೋಡಿದರು. ಸಂಜೆ ಗಂಡ ರೇಗಿದ. "ಸೀಟು ಸಿಕ್ಕಿದ್ದೇ ಕಷ್ಟ. ಟಿಸಿ ಕೈಗೆ ಕೊಟ್ಟಾರು ಕಣೇ!"

"ಕೊಡ್ಲಿ," ಅಂದೆ. ಲೂಸಿಯಾನಾದಲ್ಲಿ ಅಜ್ಜಿಯ ಮಾತನ್ನು ಮೊಮ್ಮಕ್ಕಳು ಈಗ ತರಗತಿಗೆ ಸೇರಿ ಕಲಿಯುತ್ತಿದ್ದಾರೆ. ಏಟು ತಿಂದ ಆ ಮಾತಿನಲ್ಲೇ ಹಟ ಹಿಡಿದು ಪದ್ಯ ಕಟ್ಟಿದವರೂ ಇದ್ದಾರೆ. ನನ್ನ ಮಗಳಿಗೆ ಅಷ್ಟು ದೂರದ ಸುತ್ತು ಬೇಡ. ಜಡೆ ಹಾಕುತ್ತಾ ಅವಳಿಗೆ ಹೇಳಿದೆ: "ಅವಸರ ಆದ್ರೆ ಎದ್ ನಿಂತ್ಕಂಡು ನಮ್ ಮಾತಲ್ಲೇ ಜೋರಾಗಿ ಕೇಳು. ಬೈದ್ರೆ, ನಮ್ಮವ್ವ ಯೋಳವ್ಳೆ ಅನ್ನು."

ಮುಂದಿನ ವಾರ ಪೋಷಕರ ಸಭೆ. ಹೆಡ್ ಮಿಸ್ ಮೈಕಿನಲ್ಲಿ ಇಂಗ್ಲಿಷ್ ಭಾಷಣ ಮಾಡುತ್ತಿದ್ದರು. ಮುಂದಿನ ಸಾಲಿನಲ್ಲಿ ಕೂತಿದ್ದ ಮಗಳು ಎದ್ದು ನಿಂತಳು.

"ಮಿಸ್, ನಂಗೆ ಒಂದ್ಕೆ ಓಗ್ಬೇಕು!"

ಭಾಷಣ ನಿಂತಿತು. ಗಂಡ ತಲೆ ತಗ್ಗಿಸಿದ. ಮಗಳು ಮಾತ್ರ ಕೂರಲಿಲ್ಲ, ತಿರುಗಿ ನನ್ನನ್ನೇ ನೋಡಿದಳು. ನಾನೂ ಎದ್ದು ನಿಂತೆ.

"ಓಗವ್ವ, ಓಗು," ಎಂದೆ, ಅವಳಷ್ಟೇ ಜೋರಾಗಿ.